ಕೂಡುಹುಬ್ಬು

ಹೋದ ತಿಂಗಳು ಮದ್ದೂರಿನಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆ. ಅವನ ಮಗನಿಗೆ ಹೆಣ್ಣು ಹುಡುಕುತ್ತಿದ್ದಾರೆ. ಹುಡುಕುವುದೆಂದರೆ ಈಗ ಊರೂರು ಅಲೆಯುವುದಲ್ಲ, ಸೋಫಾ ಮೇಲೆ ಕೂತು ಮೊಬೈಲಿನಲ್ಲಿ ಫೋಟೋ ನೋಡುವುದು. ಅವತ್ತು ಒಬ್ಬಳು ಹುಡುಗಿಯ ಫೋಟೋ ಬಂದಿತ್ತು. ಓದಿದವಳು, ಮಂಡ್ಯದಲ್ಲಿ ಕೆಲಸದಲ್ಲಿದ್ದಾಳೆ, ನಗುವ ಮುಖ. ನನ್ನ ನಾದಿನಿ ಎರಡು ಬೆರಳಿನಲ್ಲಿ ಆ ಮುಖವನ್ನು ಹಿಗ್ಗಿಸಿದಳು. ಹಣೆ, ಮೂಗು, ತುಟಿ, ಗಲ್ಲ ಒಂದೊಂದಾಗಿ ಪರದೆಯ ತುಂಬ ಬಂದು ಹೋದವು. ಕೊನೆಗೆ ಹುಬ್ಬಿನ ಮೇಲೆ ನಿಲ್ಲಿಸಿ ಫೋನನ್ನು ಗಂಡನ ಮೂಗಿನ ಹತ್ತಿರ ಹಿಡಿದಳು.

"ನೋಡಿ ಇಲ್ಲಿ. ಪಾರ್ಲರ್‌ಗೋಗಿ ಉಬ್ಬು ತೀಡ್ಸವ್ಳೆ. ನಡುಮಧ್ಯ ಕೂದ್ಲು ಕಿತ್ತಿರೋ ಗುರ್ತು ಕಾಣ್ತದೆ. ಕೂಡುಬ್ಬೇ ಇರ್ಬೇಕು, ಮರೆಮಾಚವ್ಳೆ."

"ಅಂಗಾರೆ ಬ್ಯಾಡ ಬುಡು. ಮುಂದಿನ್ದು ತೋರ್ಸು."

ಇಷ್ಟು ಹೇಳಿದವನು ನನ್ನ ತಮ್ಮ. ಎದುರಿಗೆ ಕೂತಿದ್ದವಳು ನಾನು. ನನ್ನ ಎರಡು ಹುಬ್ಬುಗಳು ಹುಟ್ಟಿದಂದಿನಿಂದ ಒಂದನ್ನೊಂದು ಬಿಟ್ಟಿಲ್ಲ. ಈಗ ನರೆತ ಮೇಲೂ ಬಿಟ್ಟಿಲ್ಲ. ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟು ನಾನು ಅವನನ್ನೇ ನೋಡಿದೆ. ಅವನಿಗೆ ಆಮೇಲೆ ಹೊಳೆಯಿತು, ನಾಲಿಗೆ ಕಚ್ಚಿಕೊಂಡ.

"ಅಯ್ಯೋ, ನಿಂದಲ್ಲ ಕಣಕ್ಕ. ನಿಂದು ಬ್ಯಾರೆ."

ನನಗೆ ಮೈ ಉರಿದುಹೋಯಿತು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದೆ. ನನ್ನದು ಹೇಗೆ ಬೇರೆ, ಯಾವಾಗ ಬೇರೆಯಾಯಿತು, ಯಾರು ಮಾಡಿದರು ಅನ್ನುವುದು ಅವನಿಗೆ ಗೊತ್ತಿಲ್ಲ. ಇದು ಶುರುವಾದಾಗ ಅವನಿನ್ನೂ ಹುಟ್ಟಿರಲಿಲ್ಲ, ಮುಗಿದಾಗ ಇನ್ನೂ ಚಿಕ್ಕ ಹುಡುಗ. ಅದನ್ನು ಇಲ್ಲಿ ಬರೆಯುತ್ತೇನೆ. ಬರೆದರೆ ಹೊಟ್ಟೆ ತಣ್ಣಗಾಗುತ್ತದೆ ಅನ್ನುತ್ತಾರೆ. ನನಗೇನೂ ಆ ನಂಬಿಕೆ ಇಲ್ಲ.

ಹಲಗೂರಿನ ಹತ್ತಿರದ ನಮ್ಮೂರಿನ ಮನೆ ತೊಟ್ಟಿಮನೆ. ನಡುವೆ ಆಕಾಶ ಕಾಣುವ ತೊಟ್ಟಿ, ಸುತ್ತ ಪಡಸಾಲೆ, ಒಂದು ಪಕ್ಕ ಹೊಗೆ ಹಿಡಿದು ಕಪ್ಪಾದ ಅಡುಗೆಕೋಣೆ, ಇನ್ನೊಂದು ಪಕ್ಕ ಎತ್ತು ಕಟ್ಟುವ ಕೊಟ್ಟಿಗೆ. ದನ ಜನ ಎಲ್ಲ ಒಂದೇ ಸೂರಿನಡಿ. ತಾತ, ಅಪ್ಪ, ಅವ್ವ, ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಗಳು ಮಂಗಳ, ನಾನು. ಮಂಗಳನೂ ನಾನೂ ಒಂದೇ ವಾರಗೆಯವರು, ಒಂದೇ ಚಾಪೆಯಲ್ಲಿ ಮಲಗುತ್ತಿದ್ದವರು. ಮನೆಗೆಲ್ಲ ಇದ್ದದ್ದು ಒಂದೇ ಕನ್ನಡಿ. ಅದೂ ರಸ ಹೋದದ್ದು, ಗಂಡಸರು ಗಡ್ಡ ಹೆರೆದುಕೊಳ್ಳುವ ಎತ್ತರಕ್ಕೆ ಕಂಬಕ್ಕೆ ನೇತುಹಾಕಿದ್ದರು. ಮಕ್ಕಳಿಗೆ ಎಟುಕುತ್ತಿರಲಿಲ್ಲ. ಹಾಗಾಗಿ ನನ್ನ ಮುಖ ಹೇಗಿದೆ ಅನ್ನುವುದು ನನಗೆ ತಿಳಿದದ್ದು ಕನ್ನಡಿಯಿಂದಲ್ಲ, ಮನೆಯವರ ಬಾಯಿಂದ. ಆ ಬಾಯಿಗಳಲ್ಲಿ ದೊಡ್ಡದು ತಾತನದು.

ತಾತ ಸುಳಿ ನೋಡುವವರು. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡು ಸುಳಿಯಾಗಿರುತ್ತದಲ್ಲ, ಅದು ಎಲ್ಲಿದೆ, ಯಾವ ಕಡೆಗೆ ತಿರುಗಿದೆ ಅಂತ ನೋಡಿ ಆ ಎತ್ತು ಮನೆಗೆ ಆಗಿಬರುತ್ತದೋ ಇಲ್ಲವೋ ಹೇಳುವುದು. ನೆತ್ತಿಯಲ್ಲಿ ರಾಜಸುಳಿ ಇದ್ದರೆ ಕೊಟ್ಟಿಗೆ ತುಂಬುತ್ತದೆ, ಬೆನ್ನಿನ ಮೇಲೆ ಚಟ್ಟದ ಸುಳಿ ಇದ್ದರೆ ಯಜಮಾನ ಚಟ್ಟ ಏರುತ್ತಾನೆ. ನಮ್ಮ ಕಡೆ ರಾಸು ಕೊಳ್ಳುವವರು ಹಲ್ಲು ನೋಡುವುದನ್ನಾದರೂ ಮರೆತಾರು, ಸುಳಿ ನೋಡುವುದನ್ನು ಮರೆಯುವುದಿಲ್ಲ. ಮದ್ದೂರು, ಮಳವಳ್ಳಿ ಸೀಮೆಯಲ್ಲೆಲ್ಲ ಯಾರು ಎತ್ತು ಕೊಂಡರೂ ತಾತನನ್ನು ಕರೆದುಕೊಂಡು ಹೋಗುತ್ತಿದ್ದರು. ತಾತ ಎತ್ತಿನ ಸುತ್ತ ಒಂದು ಸುತ್ತು ಬಂದು, ಅಂಗೈಯಿಂದ ಬೆನ್ನು ಸವರಿ, "ಊಂ" ಅಂದರೆ ವ್ಯಾಪಾರ ಕುದುರಿತು, ಟವೆಲು ಕೊಡವಿದರೆ ಮುರಿಯಿತು. ಇದಕ್ಕೆ ನನ್ನ ತಕರಾರಿಲ್ಲ. ಎತ್ತು ಏನೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಕರಾರು ಇರುವುದು, ತಾತ ಇದೇ ಕಣ್ಣನ್ನು ಜನರ ಮೇಲೂ ಬಿಡುತ್ತಿದ್ದದ್ದಕ್ಕೆ.

ಮನೆಗೆ ಆಳು ಬಂದರೆ ಮೊದಲು ಕಿವಿ ನೋಡುತ್ತಿದ್ದರು. ಕಿವಿ ಚಿಕ್ಕದಾದರೆ ಜಿಪುಣ, ಕೆಳದುಟಿ ಜೋತಿದ್ದರೆ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಬೆಕ್ಕಿನ ಕಣ್ಣು ಉಂಡ ಮನೆಯ ಜಂತೆ ಎಣಿಸುತ್ತದೆ, ನಕ್ಕರೆ ಕೆನ್ನೆ ಗುಳಿ ಬೀಳುವ ಸೊಸೆ ಅತ್ತೆಯನ್ನು ಆಚೆಗೆ ಹಾಕುತ್ತಾಳೆ. ಹೆಣ್ಣು ನೋಡಲು ಹೋದವರು ತಾತನನ್ನೂ ಕರೆದುಕೊಂಡು ಹೋಗುವುದು ರೂಢಿಯಾಯಿತು. ಅಲ್ಲಿ ಅವರು ಹುಡುಗಿಯನ್ನು ಪಡಸಾಲೆಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಸುತ್ತಿದ್ದರಂತೆ, ಎತ್ತನ್ನು ನಡೆಸಿದ ಹಾಗೆ. ತಪ್ಪಾದರೆ? ತಾತನಿಗೆ ತಪ್ಪಾಗುತ್ತಲೇ ಇರಲಿಲ್ಲ. ಒಮ್ಮೆ ಅವರೇ ಸಾಧು ಮುಖ ಅಂತ ಇಟ್ಟುಕೊಂಡ ಆಳು, ನೀರೊಲೆಯ ತಾಮ್ರದ ಹಂಡೆ ಹೊತ್ತುಕೊಂಡು ಪರಾರಿಯಾದ. ಬೆಳಿಗ್ಗೆ ಎಲ್ಲರೂ ಖಾಲಿ ಒಲೆಯ ಮುಂದೆ ನಿಂತು ತಾತನ ಮುಖ ನೋಡಿದರು.

"ನಂಗೆ ಅವತ್ತೇ ಗೊತ್ತಿತ್ತು ಕಣ್ಲಾ. ಅವ್ನ ಮೂಗಿನ್ ತುದಿ ನೋಡ್ದೇಟ್ಗೆ ಅನ್ಕಂಡೆ. ಹೊಟ್ಟೆಗಿಲ್ದೆ ಬಂದವ್ನೆ ಅಂತ ಬಾಯ್ಬುಡ್ನಿಲ್ಲ, ಅಷ್ಟೆ."

ಹೀಗೆ ಹೇಳಿದರೆ ಇನ್ನು ಯಾರು ಏನು ಮಾತಾಡಲು ಸಾಧ್ಯ? ಒಳ್ಳೆಯದಾದರೆ ಮುಖದಲ್ಲಿ ಬರೆದಿತ್ತು, ಕೆಟ್ಟದ್ದಾದರೂ ಮುಖದಲ್ಲಿ ಬರೆದಿತ್ತು, ನಾವು ಓದಲಿಲ್ಲ ಅಷ್ಟೆ. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು ನಾನು. ಯಾವ ಉತ್ತರ ಬರೆದರೂ ಸರಿಯಾಗುವ ಲೆಕ್ಕವನ್ನು ಇನ್ನೆಲ್ಲೂ ನೋಡಿಲ್ಲ.

ನನ್ನ ಹುಬ್ಬಿನ ವಿಷಯಕ್ಕೆ ಬರುತ್ತೇನೆ. ಕೂಡುಹುಬ್ಬು ಮನೆ ಮುರಿಯುತ್ತದೆ ಅನ್ನುವುದು ತಾತನ ತೀರ್ಮಾನ. ನಾನು ತೊಟ್ಟಿಲಲ್ಲಿದ್ದಾಗಲೇ ಬಗ್ಗಿ ನೋಡಿ ಟವೆಲು ಕೊಡವಿದರಂತೆ. ಅವ್ವ ಪಾಪ, ಮಂಗಳವಾರ ಶುಕ್ರವಾರ ನನಗೆ ಎಣ್ಣೆ ಹಚ್ಚಿ ಕೂರಿಸಿ, ಒಲೆಯ ಬೂದಿಯನ್ನು ಹೆಬ್ಬೆರಳಿಗೆ ಮೆತ್ತಿಕೊಂಡು ಹುಬ್ಬಿನ ನಡುವೆ ತಿಕ್ಕುತ್ತಿದ್ದಳು. ಬೂದಿ ಹಿಡಿತ ಕೊಡುತ್ತದೆ, ಕೂದಲು ಬೇರು ಸಮೇತ ಬರುತ್ತದೆ. ಚರ್ಮ ಕೆಂಪಾಗಿ, ಕಣ್ಣಲ್ಲಿ ನೀರು ಸುರಿದು, ನಾನು ಕಿರುಚಿಕೊಳ್ಳುತ್ತಿದ್ದೆ. ವಾರದೊಳಗೆ ಮತ್ತೆ ಮೊದಲಿಗಿಂತ ದಟ್ಟವಾಗಿ ಬಂದಿರುತ್ತಿತ್ತು. ಅವ್ವ ಸೋತು, ಬೈದು, ಮತ್ತೆ ಬೂದಿ ತರುತ್ತಿದ್ದಳು. ಅವ್ವನ ಮೇಲೆ ನನಗೆ ಆಗ ಸಿಟ್ಟಿತ್ತು, ಈಗಿಲ್ಲ. ಅವಳಿಗೆ ಇದ್ದದ್ದು ಒಂದೇ ಅಸ್ತ್ರ, ಅದು ಬೂದಿ.

ಮಂಗಳನದು ಲಕ್ಷ್ಮೀಕಳೆ. ಅಗಲ ಹಣೆ, ಬಿಡಿ ಹುಬ್ಬು, ತುಂಬಿದ ಕೆನ್ನೆ. ಮನೆಯಿಂದ ಯಾರು ಯಾವ ಕೆಲಸಕ್ಕೆ ಹೊರಡಲಿ, ಅವಳನ್ನು ತುಂಬಿದ ಚೊಂಬು ಹಿಡಿಸಿ ತಲೆಬಾಗಿಲ ಆಚೆ ನಿಲ್ಲಿಸುತ್ತಿದ್ದರು. ಹೊರಟವರು ಅವಳ ಮುಖ ನೋಡಿಕೊಂಡು ಹೋಗಬೇಕು. ಅದೇ ಹೊತ್ತಿಗೆ ನನ್ನನ್ನು ಹಿತ್ತಲಿಗೆ ಅಟ್ಟುತ್ತಿದ್ದರು. ಊಟಕ್ಕೆ ಕೂತರೂ ಹೀಗೆಯೇ. ಮುಖ ನೋಡಿ ಮಣೆ ಹಾಕು ಅನ್ನುವ ಗಾದೆಯನ್ನು ಬೇರೆಯವರು ಮಾತಿಗೆ ಹೇಳುತ್ತಾರೆ, ನಮ್ಮ ಮನೆಯಲ್ಲಿ ಅದು ನಿಜವಾಗಿ ನಡೆಯುತ್ತಿತ್ತು. ತಾತನ ಎದುರಿನ ಮಣೆ ಮಂಗಳನದು; ನಾನು ಅವರ ಕಣ್ಣಿಗೆ ಬೀಳದಂತೆ ಕಂಬದ ಹಿಂದೆ ಕೂತು ಮುದ್ದೆ ನುಂಗಬೇಕು. ಚಿಕ್ಕಮ್ಮ ಅಲ್ಲಿಗೇ ತಟ್ಟೆ ತಂದಿಡುತ್ತಿದ್ದಳು. ಅವರೆಕಾಲದಲ್ಲಿ ಹಿಚುಕಿದ ಬೇಳೆ ಸಾರು ಮಾಡಿದ ದಿನ ಮಾತ್ರ ಮಂಗಳ ತನ್ನ ತಟ್ಟೆ ಎತ್ತಿಕೊಂಡು ಕಂಬದ ಹಿಂದಕ್ಕೆ ಬರುತ್ತಿದ್ದಳು, ಬೇಳೆಯನ್ನೆಲ್ಲ ನನ್ನ ಕಡೆಗೆ ತಳ್ಳುತ್ತಿದ್ದಳು. ಅವಳಿಗೆ ಬೇಳೆ ಸೇರುತ್ತಿರಲಿಲ್ಲ. ಒಂದು ದಿನ, ಜ್ವರ ಬಂದು ಮೈ ಸುಡುತ್ತಿದ್ದರೂ ಅವಳನ್ನು ಎಬ್ಬಿಸಿ ಚೊಂಬು ಹಿಡಿಸಿ ನಿಲ್ಲಿಸಿದ್ದರು. ಒಳಗೆ ಬಂದವಳೇ ನನ್ನ ಪಕ್ಕ ಕುಸಿದಳು.

"ನಿಂಗೇನೆ, ಪುಣ್ಯವಂತೆ. ಯಾವಾಗ್ ಬೇಕಾರೂ ಅಳ್ಬೌದು. ನಾನ್ ಮೊಕ ಸಪ್ಪಗೆ ಮಾಡ್ಕಂಡ್ರೂ ಬಯ್ತಾರೆ."

ಅವಳ ಮಾತು ಕೇಳಿ ನನಗೆ ಕನಿಕರ ಬರಲಿಲ್ಲ, ರೇಗಿತು. ಆಗ ನನಗೆ ಒಂಬತ್ತೋ ಹತ್ತೋ.

ಇನ್ನು ಎತ್ತಿನ ವಿಷಯ. ಸೋಮನಹಳ್ಳಿಯ ಕಡೆ ಒಬ್ಬರ ಮನೆಯಲ್ಲಿ ಒಳ್ಳೆಯ ಜೋಡಿ ಇದೆ ಅಂತ ಸುದ್ದಿ ಬಂತು. ಈಗ ಅಲ್ಲಿ ಹೆದ್ದಾರಿ, ಕಾರ್ಖಾನೆ, ಟೀ ಅಂಗಡಿಗಳ ಸಾಲು. ಆಗ ಹೊಲದ ನಡುವೆ ಮನೆ ಹುಡುಕಿಕೊಂಡು ಹೋಗಬೇಕಿತ್ತು. ಊರಿಗೆಲ್ಲ ಎತ್ತು ನೋಡಿಕೊಟ್ಟ ತಾತ ಸ್ವಂತ ಮನೆಗೆ ಜೋಡಿ ತರುವ ದಿನ ಅದು. ತಾತ, ಅಪ್ಪ, ಚಿಕ್ಕಪ್ಪ ಮೂವರೂ ಹೊರಟರು. ಮಂಗಳ ಚೊಂಬು ಹಿಡಿದು ಬಾಗಿಲಲ್ಲಿ ನಿಂತಳು, ನಾನು ಹಿತ್ತಲಲ್ಲಿ. ಅವರು ಬೀದಿಗಿಳಿದ ಮೇಲೆ ತಾತನಿಗೆ ಎಲೆಅಡಿಕೆ ಸಂಚಿ ಮರೆತದ್ದು ನೆನಪಾಯಿತು. "ಸಂಚಿ ತತ್ತಾ" ಅಂತ ಅಲ್ಲಿಂದಲೇ ಕೂಗಿದರು. ಅವ್ವ, ಚಿಕ್ಕಮ್ಮ ಇಬ್ಬರೂ ಕೊಟ್ಟಿಗೆ ಬಳಿಯುತ್ತಿದ್ದರು, ಕೈಯೆಲ್ಲ ಸಗಣಿ. ಮಂಗಳ ಚೊಂಬು ಇಳಿಸುವಂತಿಲ್ಲ. ತಾತ ಮತ್ತೆ ಕೂಗಿದರು, ಈ ಸಲ ಸಿಟ್ಟಿನಿಂದ.

"ರತ್ನೀ, ಕೊಟ್ಬುಡೆ! ಬಯ್ತಾವ್ರೆ!"

ಕೂಗಿದ್ದು ಚಿಕ್ಕಮ್ಮ. ನಾನು ಓಡಿಹೋಗಿ ಸಂಚಿ ಕೊಟ್ಟೆ. ತಾತ ನನ್ನ ಹುಬ್ಬು ನೋಡಿದರು, ಸಂಚಿ ತೆಗೆದುಕೊಂಡರು. ವಾಪಸ್ಸು ಬಂದು ಜಗಲಿಯ ಮೇಲೆ ಕೂತರು. ಕಾಲಿಗೆ ನೀರು ಹಾಕಿಸಿಕೊಂಡು, ಒಂದು ಲೋಟ ನೀರು ಕುಡಿದು, ಮಂಗಳನ ಮುಖವನ್ನು ಎರಡನೇ ಸಲ ನೋಡಿಕೊಂಡು ಹೊರಟರು. ನಮ್ಮ ಕಡೆ ಅಪಶಕುನ ಕಳೆಯುವುದು ಹೀಗೆಯೇ, ಇದು ತಾತನೇ ಊರಿಗೆಲ್ಲ ಹೇಳುತ್ತಿದ್ದ ಕ್ರಮ. ಅಂದರೆ ಅವರದೇ ಕಾನೂನಿನ ಪ್ರಕಾರ ನನ್ನ ಮುಖದ ದೋಷ ಅಲ್ಲೇ ಜಗಲಿಯ ಮೇಲೆ ಕಳೆದುಹೋಗಿತ್ತು. ಈ ಮಾತನ್ನು ನಾನು ಆಮೇಲೆ ಎಷ್ಟು ಜನರಿಗೆ ಹೇಳಿದ್ದೇನೋ! ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎತ್ತುಗಳು ಬಂದವು. ಹಾಲಿನಂಥ ಬಿಳುಪು, ಹಿಂದಕ್ಕೆ ಬಾಗಿದ ಕೊಂಬು, ಎರಡಕ್ಕೂ ನೆತ್ತಿಯಲ್ಲಿ ರಾಜಸುಳಿ. ಅವ್ವ, ಚಿಕ್ಕಮ್ಮ ಆರತಿ ಎತ್ತಿದರು. ಅಕ್ಕಪಕ್ಕದ ಊರಿನವರು ಬಂದು ನೋಡಿ ಹೋದರು. ತಾತ ಜಗಲಿಯ ಮೇಲೆ ಕೂತು, ಬಂದವರಿಗೆಲ್ಲ ಎಲೆಅಡಿಕೆ ಕೊಟ್ಟು, ಈ ಜೋಡಿ ಇರುವವರೆಗೆ ಈ ಮನೆಗೆ ಒಂದು ಮುಳ್ಳೂ ಚುಚ್ಚುವುದಿಲ್ಲ ಅಂತ ಸಾರಿದರು. ಅದೇ ತಿಂಗಳು, ಮಳೆ ಒಂದೆರಡು ಸಲ ಬಂದು ಕೈಕೊಟ್ಟು, ಹೊಲದಲ್ಲಿ ಜೋಳದ ಎಳೆ ಪೈರು ಬಾಡಿ ನಿಂತಿತ್ತು. ಬಾಡಿದ ಎಳೆ ಜೋಳದಲ್ಲಿ ನಂಜಿರುತ್ತದೆ, ದನ ಮೇದರೆ ಉಳಿಯುವುದಿಲ್ಲ ಅನ್ನುವುದು ನಮ್ಮ ಕಡೆ ಕೂಸಿಗೂ ಗೊತ್ತು. ಚಿಕ್ಕಪ್ಪ ಬದುವಿನಲ್ಲಿ ಎತ್ತು ಮೇಯಲು ಬಿಟ್ಟು, ಹೊಂಗೆಮರದ ನೆರಳಲ್ಲಿ ತಲೆಗೆ ಟವೆಲು ಹಾಕಿಕೊಂಡು ಮಲಗಿದರು. ಎದ್ದು ನೋಡುವಷ್ಟರಲ್ಲಿ ಒಂದು ಎತ್ತು ಜೋಳದ ನಡುವೆ ಬಿದ್ದು ಒದ್ದಾಡುತ್ತಿತ್ತು. ಹಲಗೂರಿನಿಂದ ದನದ ಡಾಕ್ಟರು ಬರುವ ಹೊತ್ತಿಗೆ ಸತ್ತುಹೋಗಿತ್ತು. ಡಾಕ್ಟರು ಅದರ ಬಾಯಿ ತೆರೆದು, ಹಲ್ಲಿನ ಸಂದಿಯಲ್ಲಿದ್ದ ಹಸಿರು ಗರಿ ಎಳೆದು ಎಲ್ಲರಿಗೂ ತೋರಿಸಿದರು.

"ಎಳೆ ಜೋಳ ಮೇದಿದೆ ಗೌಡ್ರೆ. ಇದರಲ್ಲಿ ಇನ್ನೇನೂ ಇಲ್ಲ. ಇನ್ನೊಂದನ್ನಾದರೂ ಹುಷಾರಾಗಿ ಕಟ್ಟಿಹಾಕಿ."

ಇದನ್ನು ಅವರು ಪಿಸುಗುಟ್ಟಲಿಲ್ಲ. ಹೊಲದಲ್ಲಿ ನೆರೆದಿದ್ದ ಅರ್ಧ ಊರು ಕೇಳಿಸಿಕೊಂಡಿತು. ಅಪ್ಪ ಕೇಳಿದರು, ಚಿಕ್ಕಪ್ಪ ಕೇಳಿದರು, ತಾತ ಆ ಗರಿಯನ್ನು ಕೈಯಲ್ಲಿ ಹಿಡಿದು ನೋಡಿದರು. ಅಷ್ಟಾದರೂ ಸಂಜೆ ಮನೆಯಲ್ಲಿ ಊಟಕ್ಕೆ ಕೂತಾಗ ಚಿಕ್ಕಮ್ಮ ಬಡಿಸುವುದನ್ನು ನಿಲ್ಲಿಸಿ ಬಾಯಿ ತೆರೆದಳು.

"ಅವತ್ತು ಒಂಟಾಗ ಎದ್ರಿಗೆ ಬಂದಿದ್ದು ಯಾರು ಅಂತ ಯಾರಾರೂ ಕೇಳ್ತೀರಾ?"

ನಾನು ಕಂಬದ ಹಿಂದಿದ್ದೆ. ಎಲ್ಲರ ಕಣ್ಣೂ ಕಂಬದ ಕಡೆ ತಿರುಗಿತು. ಸಂಚಿ ಕೊಡು ಅಂತ ನನ್ನನ್ನು ಕಳಿಸಿದವಳು ಅವಳೇ! ನಾನು ಹಾಗಂತ ಕೂಗಿದೆ, ಅಳುತ್ತಾ ಕೂಗಿದ್ದರಿಂದ ಯಾರಿಗೂ ಅರ್ಥವಾಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಾರಲ್ಲ, ಆ ಬರೆ ಬಿದ್ದದ್ದು ನನಗೆ. ಆಗ ಅಪ್ಪ ಮಾತಾಡಿದರು. ಅಪ್ಪ ಮನೆಯಲ್ಲಿ ಮಾತಾಡುವವರೇ ಅಲ್ಲ. ತಾತನ ಎದುರು ತಲೆ ಎತ್ತಿ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಪ್ಪಯ್ಯ, ಡಾಕ್ಟ್ರು ಏನಂದ್ರು? ನೀವೇ ಒಂದ್ ಮಾತು ಯೋಳಿ. ಜೋಳ ಮೇದು ಸತ್ತದೆ ಅನ್ನಿ, ಮುಗುದೋಯ್ತದೆ."

ತಾತ ಮುದ್ದೆ ಮುರಿದು ಸಾರಿಗೆ ಅದ್ದಿದರು. ಅವರು ಆ ಒಂದು ಮಾತು ಹೇಳಿದ್ದರೆ ನನ್ನ ಬಾಲ್ಯವೇ ಬೇರೆಯಾಗುತ್ತಿತ್ತು. ನಾನು ಕಂಬದ ಹಿಂದಿನಿಂದ ಕತ್ತು ಚಾಚಿದೆ.

"ಜೋಳವ ಎಲ್ಲಾ ದನವೂ ಮೇಯ್ತದೆ ಕಣ್ಲಾ. ಎಲ್ಲಾ ಸಾಯ್ತವಾ? ರಾಜಸುಳಿ ಇರೋ ರಾಸು ಸುಮ್‌ಸುಮ್ಕೆ ಸಾಯಕಿಲ್ಲ."

ಅಪ್ಪ ಮುದ್ದೆಯ ತಟ್ಟೆಯನ್ನು ಎತ್ತಿ ತೊಟ್ಟಿಗೆ ಎಸೆದರು. ಸಾರು ಗೋಡೆಗೆಲ್ಲ ಹಾರಿತು.

"ನನ್ ಮಗ್ಳ ಮೊಕ ನೋಡಕ್ಕಾಗ್ದೋರ್ ಜೊತೆ ನಾನ್ ಉಣ್ಣಕಿಲ್ಲ."

ಮನೆ ಪಾಲಾಯಿತು. ತೊಟ್ಟಿಯ ನಡುವೆ ಅಪ್ಪ ಮಣ್ಣಿನ ಗೋಡೆ ಎಬ್ಬಿಸಿದರು. ಅಡುಗೆಕೋಣೆ ಚಿಕ್ಕಪ್ಪನಿಗೆ, ಕೊಟ್ಟಿಗೆ ನಮಗೆ. ಕೊಟ್ಟಿಗೆಯ ಮೂಲೆಯಲ್ಲೇ ಅವ್ವ ಒಲೆ ಹೂಡಿದಳು. ತಾತ ಚಿಕ್ಕಪ್ಪನ ಕಡೆ ಉಳಿದರು. ಊರಿನವರು ಬಂದು ಗೋಡೆ ನೋಡಿ, ಆಮೇಲೆ ನನ್ನ ಹುಬ್ಬು ನೋಡಿ, ತಲೆದೂಗಿದರು. ಕೂಡುಹುಬ್ಬು ಮನೆ ಮುರಿಯುತ್ತದೆ ಅಂತ ತಾತ ಹೇಳಿದ್ದರು, ಮುರಿಯಿತಲ್ಲ! ಮಲಗಿದ್ದವರು ಚಿಕ್ಕಪ್ಪ, ಬಾಯಿ ಬಿಟ್ಟವಳು ಚಿಕ್ಕಮ್ಮ, ಬಾಯಿ ಮುಚ್ಚಿದವರು ತಾತ, ಗೋಡೆ ಕಟ್ಟಿದವರು ಅಪ್ಪ. ಮನೆ ಮುರಿದವಳು ಮಾತ್ರ ನಾನು. ನೀರಿಗೆ ಹೋದರೆ ಹೆಂಗಸರು ಬಿಂದಿಗೆ ಎತ್ತಿಕೊಂಡು ದಾರಿ ಬಿಡುತ್ತಿದ್ದರು. ಸ್ಕೂಲಿನಲ್ಲಿ ಮಕ್ಕಳು ಎತ್ತಿನ ಹಾಗೆ ಅಂಬಾ ಅನ್ನುತ್ತಿದ್ದರು. ನನಗೆ ಆಗ ಬೇಕಿದ್ದದ್ದು ಒಂದೇ. ತಾತ ಜಗಲಿಯ ಮೇಲೆ ಕೂತು, ನಾಲ್ಕು ಜನ ಕೇಳುವಂತೆ, ಎತ್ತು ಜೋಳ ಮೇದು ಸತ್ತಿತು ಅನ್ನಬೇಕು. ಅದಿಲ್ಲದಿದ್ದರೂ ನನಗೆ ಒಂದು ಆಸರೆ ಇತ್ತು. ಇಡೀ ಊರು ಒಂದು ಕಡೆಯಾದರೂ ಅಪ್ಪ ನನ್ನ ಕಡೆ. ನನ್ನ ಮುಖಕ್ಕೋಸ್ಕರ ತಮ್ಮನನ್ನೂ ಹೆತ್ತ ತಂದೆಯನ್ನೂ ಬಿಟ್ಟರು. ಮಕ್ಕಳು ಅಂಬಾ ಅಂದಾಗಲೆಲ್ಲ ನಾನು ತೊಟ್ಟಿಗೆ ಹಾರಿದ ಆ ತಟ್ಟೆಯನ್ನು ನೆನೆಸಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ಬೆಳೆದದ್ದು ಆ ತಟ್ಟೆಯ ಬಲದಿಂದ.

ಆಮೇಲೆ ವರ್ಷಗಳು ಹೋದವು. ಮಂಗಳನನ್ನು ಹೈಸ್ಕೂಲು ಮುಗಿಯುವ ಮುಂಚೆಯೇ ಮಳವಳ್ಳಿ ಕಡೆಯವರು ಹುಡುಕಿಕೊಂಡು ಬಂದು ಮಾಡಿಕೊಂಡು ಹೋದರು. ಮುಖ ನೋಡಿ ಒಪ್ಪಿಬಿಟ್ಟರು, ಬೇರೇನನ್ನೂ ಕೇಳಲಿಲ್ಲ. ಆ ವರ್ಷವೇ ಅವಳ ಮಾವನ ಕಬ್ಬಿನ ಗದ್ದೆಗೆ ಬೆಂಕಿ ಬಿತ್ತು. ಲಕ್ಷ್ಮೀಕಳೆ ಅಂತ ತಂದರೆ ಸುಟ್ಟ ಮೊಕ ಅಂತ ಅತ್ತೆ ಬೀದಿಯಲ್ಲಿ ನಿಂತು ಬೈದಳಂತೆ. ಹಬ್ಬಕ್ಕೆ ಬಂದಾಗ ಮಂಗಳ ಗೋಡೆಯ ಆಚೆಯಿಂದಲೇ ಇದನ್ನು ಹೇಳಿದಳು. ಈ ಸಲ ನನಗೆ ರೇಗಲಿಲ್ಲ, ಗೋಡೆಯ ಈಚೆ ನಿಂತು ನಾನೂ ಅತ್ತುಬಿಟ್ಟೆ. ನನ್ನನ್ನು ನೋಡಲು ಮಾತ್ರ ಯಾರೂ ಬರಲಿಲ್ಲ. ಬಂದವರೂ ಬಸ್‌ಸ್ಟ್ಯಾಂಡಿನಲ್ಲೇ ನನ್ನ ಹುಬ್ಬಿನ ಕಥೆ ಕೇಳಿ ಹಿಂದಿರುಗುತ್ತಿದ್ದರು. ಮನೆಯಲ್ಲಿ ಸುಮ್ಮನೆ ಕೂರಿಸುವುದೇಕೆ ಅಂತ ಅಪ್ಪ ಓದಿಸಿದರು. ಟೀಚರ್ ಟ್ರೈನಿಂಗು ಮುಗಿಸಿದೆ, ನೌಕರಿ ಸಿಕ್ಕಿತು. ಅದೃಷ್ಟ ಅಂದರು ಎಲ್ಲರೂ. ಓದಿದವಳು ನಾನು, ಅದೃಷ್ಟ ಯಾರದೋ!

ನೌಕರಿ ಸೇರಿದ ವಾರ, ಒಂದು ಬೆಳಿಗ್ಗೆ ಸೀರೆ ಉಟ್ಟು ಬಸ್ಸಿಗೆ ಹೊರಡುತ್ತಿದ್ದೆ. ಪಾಲಾದ ಮೇಲೆ ನಮ್ಮ ಕಡೆಯ ಜಗಲಿ ಹತ್ತದಿದ್ದ ತಾತ ಅವತ್ತು ಹೊಸ ಪಂಚೆ ಉಟ್ಟು, ಕೋಲು ಹಿಡಿದು, ನಮ್ಮ ಬಾಗಿಲಲ್ಲಿ ನಿಂತಿದ್ದರು.

"ರತ್ನವ್ವ, ವಸಿ ಈಚೆಗೆ ಬಾರವ್ವ. ಮದ್ದೂರ್ ತಾವ ಒಂದ್ ಜೊತೆ ನೋಡಕ್ಕೆ ಓಯ್ತಾ ಇವ್ನಿ. ನಿನ್ ಮೊಕ ನೋಡ್ಕಂಡು ಓಯ್ತೀನಿ."

"ನನ್ ಮೊಕವಾ, ತಾತ?"

"ಊಂ ಕಣವ್ವ. ಕೂಡುಬ್ಬು ಅಂದ್ರೆ ಸರಸತಿ ಕುಂತಿರೋ ಜಾಗ. ಇಡೀ ಊರ್ನಾಗೆ ಸರ್ಕಾರಿ ನೌಕ್ರಿ ಇಡ್ದಿರೋ ಎಣ್ಣು ಇನ್ಯಾರವ್ಳೆ, ಯೋಳು?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದೇ ಹುಬ್ಬು. ಒಂದು ಕೂದಲೂ ಆಚೀಚೆ ಆಗಿಲ್ಲ.

"ಮತ್ತೆ ಆ ಎತ್ತು ಸತ್ತಿದ್ದು?"

"ಅದು ಎಳೆ ಜೋಳ ಮೇದು ಸತ್ತಿದ್ದಲ್ವೇನವ್ವ? ಡಾಕ್ಟ್ರೇ ಯೋಳ್ನಿಲ್ವಾ?"

ಇಷ್ಟು ಸಲೀಸಾಗಿ ಹೇಳಿದರು. ಸಂತೆಯಲ್ಲಿ ಬದನೆಕಾಯಿಯ ಬೆಲೆ ಹೇಳಿದ ಹಾಗೆ.

"ನಿಮ್ಗೆ ಅವತ್ತೇ ಗೊತ್ತಿತ್ತಾ?"

"ಗರಿ ಕೈಗ್ ತಕ್ಕಂಡಾಗ್ಲೇ ಗೊತ್ತಾಯ್ತು. ದನ ನೋಡೋನ್ಗೆ ಅಷ್ಟೂ ತಿಳಿಯಾಕಿಲ್ವಾ?"

"ಮತ್ಯಾಕೆ ಯೋಳ್ನಿಲ್ಲ ತಾತ?"

"ಯೋಳಿದ್ರೆ ನಿನ್ ಚಿಕ್ಕಪ್ಪ ತಲೆ ಎತ್ಕಂಡು ತಿರ್ಗಂಗಿತ್ತಾ? ನಾನ್ ಸುಳಿ ನೋಡ್ ತಂದಿದ್ ರಾಸು ತಿಂಗ್ಳೊಪ್ಪತ್ನಲ್ಲಿ ಸತ್ತೋಯ್ತು ಅಂದ್ರೆ ನನ್ನ ಇನ್ಯಾರ್ ಕರೀತಿದ್ರು? ನೀನು ಎಣ್ಣೈದ, ನಿಂಗೇನ್ ಓಯ್ತದೆ, ತಡ್ಕಂತಳೆ ಅನ್ಕಂಡೆ. ತಡ್ಕಂಡ್ಯಲ್ಲ!"

ಆ ಕೊನೆಯ ಮಾತನ್ನು ಅವರು ಹೆಮ್ಮೆಯಿಂದ ಹೇಳಿದರು. ಎಷ್ಟೋ ವರ್ಷ ಮನಸ್ಸಿನಲ್ಲಿ ಅವರೊಂದಿಗೆ ಜಗಳವಾಡಿ ಗೆದ್ದಿದ್ದೆ, ಅವತ್ತು ಅವರು ನೋಡಲಿ ಅಂತ ಮುಖ ತೋರಿಸಿ ನಿಂತೆ. ಬಸ್ಸಿನ ಹಾರ್ನ್ ಕೇಳಿಸಿತು. ತಾತ ನನ್ನ ಹುಬ್ಬನ್ನು ಕಣ್ತುಂಬ ನೋಡಿ, ಕೋಲು ಊರಿಕೊಂಡು ಖುಷಿಯಾಗಿ ಹೊರಟರು. ಅವರು ನೋಡಿಕೊಟ್ಟ ಆ ಜೋಡಿ ಬಹಳ ವರ್ಷ ಬಾಳಿತು. ಅದರಿಂದ ನನ್ನ ಮುಖವೂ ಒಳ್ಳೆಯದಾಗಿಬಿಟ್ಟಿತು. ಈಗಲೂ ಊರಿಗೆ ಹೋದರೆ ಯಾರಾದರೂ ಬಾಗಿಲಿಗೆ ಕರೆದು ನಿಲ್ಲಿಸಿಕೊಳ್ಳುತ್ತಾರೆ. ನನ್ನ ತಮ್ಮ ನಿಂದು ಬ್ಯಾರೆ ಅಂದದ್ದು ಇದಕ್ಕೇ.

ಅವತ್ತು ಸ್ಕೂಲಿನಲ್ಲಿ ಏನು ಪಾಠ ಮಾಡಿದೆನೋ ನೆನಪಿಲ್ಲ. ಸಿಟ್ಟಿನ ಜೊತೆಗೆ ಒಂದು ಸಡಗರವೂ ಇತ್ತು. ಕೊನೆಗೂ ತಾತನ ಬಾಯಿಂದ ಬಂತಲ್ಲ! ಜಗಲಿಯ ಮೇಲೆ ನಾಲ್ಕು ಜನರ ಮುಂದೆ ಅಲ್ಲ ನಿಜ, ಆದರೂ ಬಂತು. ಇದನ್ನು ಮೊದಲು ಅಪ್ಪನಿಗೆ ಹೇಳಬೇಕು. ನನಗಾಗಿ ಅಷ್ಟೆಲ್ಲ ಕಳೆದುಕೊಂಡವರು ಅವರು, ಗೆಲುವು ಅವರದೇ. ಸಂಜೆ ಬಸ್ಸಿಳಿದು ಹೆಚ್ಚುಕಡಿಮೆ ಓಡುತ್ತಲೇ ಮನೆಗೆ ಬಂದೆ. ಅಪ್ಪ ಗದ್ದೆಯಿಂದ ಬಂದು, ಕೈಕಾಲು ತೊಳೆದು, ಊಟಕ್ಕೆ ಕೂತಿದ್ದರು. ನಾನೇ ಮುದ್ದೆ ಇಟ್ಟೆ, ಉಪ್ಪೆಸರು ಹಾಕಿದೆ, ಎದುರಿಗೆ ಕೂತು ತಾತ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅಪ್ಪ ಮುದ್ದೆ ಮುರಿಯುತ್ತಾ ತಲೆ ಎತ್ತದೆ ಕೇಳಿಸಿಕೊಂಡರು. ಅವರು ತುತ್ತು ನುಂಗಿ, ನೀರು ಕುಡಿದು, ಮೆಲ್ಲಗೆ, ನನಗೆ ನೋವಾಗದ ಹಾಗೆ ಹೇಳಿದರು.

"ಡಾಕ್ಟ್ರು ಯೋಳಿದ್ದ ನಾನೂ ಕೇಳಿದ್ದೆ ಕಣವ್ವ. ಆದ್ರೂವೆ, ಅವತ್ತು ನೀನು ಎದ್ರಿಗೆ ಬರ್ಬಾರ್ದಾಗಿತ್ತು."

ಆಮೇಲೆ ತಟ್ಟೆ ಮುಂದೆ ತಳ್ಳಿ, ಇನ್ನೊಂದು ಸೌಟು ಉಪ್ಪೆಸರು ಹಾಕು ಅಂದರು. ಹಾಕಿದೆ.